ಇಳಿದ ದಿನ ಯಾರದು

'ಕ್ಲಾರಾ ಬಿ' ದೋಣಿ, ಗ್ರೀನ್‌ವಿಲ್ ಹತ್ತಿರ
ಜನವರಿ 29, 1995

ಇಮೊಜೀನ್ ಅತ್ತೆಗೆ,

ನಿಮ್ಮನ್ನು ಇನ್ನೂ ಅತ್ತೆ ಎನ್ನಬಹುದೋ ಬಾರದೋ ಎಂದು ಪೆನ್ನು ಹಿಡಿದು ಅರ್ಧ ಗಂಟೆ ಕೂತಿದ್ದೆ. ಕೊನೆಗೆ ವಿಚ್ಛೇದನದ ತೀರ್ಪನ್ನೇ ಪೆಟ್ಟಿಗೆಯಿಂದ ತೆಗೆದು ಓದಿದೆ. ನನ್ನನ್ನೂ ಟ್ವೈಲಾಳನ್ನೂ ಬೇರೆ ಮಾಡಿದ್ದಾರೆ, ಪಿಕಪ್ ಗಾಡಿ ನನಗೆ, ನಾಯಿ ಅವಳಿಗೆ ಎಂದಿದ್ದಾರೆ. ಅತ್ತೆಯ ಬಗ್ಗೆ ಒಂದು ಸಾಲೂ ಇಲ್ಲ. ಹಾಗಾದರೆ ನೀವು ಅತ್ತೆಯೇ.

ವಿಷಯ ಕ್ಯಾಸಿಯದು. ಮೊನ್ನೆ ಮಂಗಳವಾರ ಅವಳಿಗೆ ಎಂಟು ತುಂಬಿತು. ಆ ಹೊತ್ತಿಗೆ ನಾನು ಸರಕು ತುಂಬಿದ ಹದಿನೈದು ಬಾರ್ಜುಗಳನ್ನು ಮುಂದಿಟ್ಟುಕೊಂಡು ಮಿಸಿಸಿಪ್ಪಿ ಹೊಳೆಯಲ್ಲಿ ಕೆಳಕ್ಕೆ ಹೋಗುತ್ತಿದ್ದೆ. ನಮ್ಮದು ಇಪ್ಪತ್ತೆಂಟು ದಿನ ದೋಣಿ, ಹದಿನಾಲ್ಕು ದಿನ ಮನೆ. ಹೊಯ್ಟ್ ಮಾವ ಇದ್ದಷ್ಟು ಕಾಲ ಇದೇ ಲೆಕ್ಕದಲ್ಲಿ ದೋಣಿ ನಡೆಸಿದವರು, ನಿಮಗೆ ನಾನು ಹೇಳಬೇಕಾದದ್ದಿಲ್ಲ. ತೀರ್ಪಿನಲ್ಲಿ ಕ್ಯಾಸಿ ನನ್ನ ಹತ್ತಿರ ಇರುವುದು ತಿಂಗಳ ಮೊದಲನೆಯ ಮತ್ತು ಮೂರನೆಯ ವಾರಾಂತ್ಯ. ನಾನು ಮನೆಯಲ್ಲಿರುವ ಎರಡು ವಾರಾಂತ್ಯಗಳಲ್ಲಿ ಅದಕ್ಕೆ ಹೊಂದುವುದು ಒಂದೇ. ನಲವತ್ತೆರಡು ದಿನಕ್ಕೆ ಎರಡು ರಾತ್ರಿ ನನ್ನ ಮಗಳು ನನ್ನ ಮನೆಯಲ್ಲಿ ಮಲಗುತ್ತಾಳೆ. ಉಳಿದ ಹನ್ನೆರಡು ದಿನ ನಿಮ್ಮೂರಿನ ಸೇತುವೆಯ ಆಚೆ ಬ್ರೂಕ್‌ಪೋರ್ಟಿನಲ್ಲಿ ಕೂತು ಟಿವಿ ನೋಡುತ್ತೇನೆ.

ಕಳೆದ ಸಲ ಪಿಕಪ್ಪಿನಲ್ಲಿ ಅಮ್ಮನ ಮನೆಗೆ ಬಿಡಲು ಹೋದಾಗ ಅವಳು ಕೇಳಿದಳು, "ಅಪ್ಪಾ, ನಾಳೆ ನೀನು ಮನೇಲೇ ಇರ್ತೀಯಲ್ಲ, ನಾನ್ಯಾಕೆ ಇರಬಾರದು?"

"ಕಾಗದದಲ್ಲಿ ಹಾಗೆ ಬರೆದಿದೆ ಮರಿ."

"ಹಾಗಾದ್ರೆ ಕಾಗದ ಬದಲಾಯಿಸು."

ಎಷ್ಟು ಸುಲಭವಾಗಿ ಹೇಳಿಬಿಟ್ಟಳು ನೋಡಿ. ವಕೀಲರನ್ನು ಹಿಡಿಯೋಣವೆಂದರೆ ಅವರು ಎರಡು ಸಲ ದಿನ ಕೊಟ್ಟರು, ಎರಡು ಸಲವೂ ನಾನು ಲೂಯಿಸಿಯಾನಾದಲ್ಲಿದ್ದೆ. ಮೂರನೆಯ ಸಲ ಫೋನು ಮಾಡಿದರೆ ಅವರ ಕಚೇರಿಯ ಹೆಂಗಸು, "ನಿಮಗಿದು ಬೇಕೋ ಬೇಡ್ವೋ ಸಾರ್?" ಎಂದಳು. ಇನ್ನು ನಾನೇ ಅರ್ಜಿ ಹಾಕುತ್ತೇನೆ. ನೀವು ಮೂವತ್ತೊಂದು ವರ್ಷ ನ್ಯಾಯಾಲಯದಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂತವರು. ಏನು ಬರೆಯಬೇಕು ಎಂದು ಹೇಳಿಕೊಡಿ. ಫೋನು ಮಾಡುವುದಿಲ್ಲ, ನಿಮ್ಮ ಅಡುಗೆಮನೆಯಲ್ಲಿ ಟ್ವೈಲಾ ಇರುತ್ತಾಳೆ. ಕಾಗದವನ್ನು ಕಂಪನಿಯ ವಿಳಾಸಕ್ಕೆ ಹಾಕಿದರೆ ದಿನಸಿ ತರುವ ದೋಣಿಯಲ್ಲಿ ನನಗೆ ಬರುತ್ತದೆ.

ನಿಮ್ಮ,
ವೆಂಡೆಲ್

•

ಪಡೂಕಾ
ಫೆಬ್ರವರಿ 6, 1995

ವೆಂಡೆಲ್,

ನಿನ್ನ ಕಾಗದಕ್ಕೆ ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಹೊಯ್ಟ್‌ನ ಕಾಗದಗಳೂ ಹೀಗೇ ಇರುತ್ತಿದ್ದವು. ಓದುವ ಮೊದಲು ಸ್ವಲ್ಪ ಹೊತ್ತು ಮೂಗಿನ ಹತ್ತಿರ ಹಿಡಿದುಕೊಂಡೆ. ಮುದುಕಿಗೆ ಹುಚ್ಚು ಎನ್ನು, ಪರವಾಗಿಲ್ಲ.

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳ ವಿರುದ್ಧ ಅರ್ಜಿ ಹಾಕುವುದಕ್ಕೆ ನನ್ನನ್ನೇ ಸಲಹೆ ಕೇಳುತ್ತೀಯಲ್ಲ, ನಿನ್ನ ಧೈರ್ಯಕ್ಕೆ ಏನೆನ್ನಲಿ! ಮೂವತ್ತೊಂದು ವರ್ಷ ಆ ಎರಡನೇ ಕಿಟಕಿಯಲ್ಲಿ ನಾನು ದಿನಕ್ಕೆ ಐವತ್ತು ಸಲ ಹೇಳಿದ್ದು ಒಂದೇ ಮಾತು: "ಅದನ್ನ ನಾನು ಹೇಳೋ ಹಾಗಿಲ್ಲ." ಎಷ್ಟು ನಕಲು ಬೇಕು, ಯಾವ ಮಹಡಿ, ಯಾವ ದಿನ ಎಂದು ಹೇಳಬಹುದು. ಏನು ಬರೆಯಬೇಕು ಎಂದು ಹೇಳಿದರೆ ಅದು ವಕೀಲರ ಕೆಲಸ, ನಮ್ಮ ಕುತ್ತಿಗೆಗೆ ಬರುತ್ತಿತ್ತು. ಗಂಡಸರು ಮೇಜು ಗುದ್ದುತ್ತಿದ್ದರು, ಹೆಂಗಸರು ಅಳುತ್ತಿದ್ದರು. ನಾನು ಟಿಶ್ಯೂ ಡಬ್ಬಿ ಮುಂದೆ ತಳ್ಳಿ ಅದೇ ಮಾತು ಹೇಳುತ್ತಿದ್ದೆ. ನಿನಗೂ ಅದನ್ನೇ ಹೇಳುತ್ತೇನೆ.

ಆದರೆ ಕಥೆ ಹೇಳಬಾರದೆಂದು ಯಾರೂ ಅಪ್ಪಣೆ ಮಾಡಿಲ್ಲ.

ಒಬ್ಬ ಕೆಂಪು ಟೋಪಿಯವನು ನಾಲ್ಕು ಪುಟದ ಅರ್ಜಿ ತಂದಿದ್ದ. ಹೆಂಡತಿ ಎಂಥ ಸೋಮಾರಿ, ಅವಳ ಅಕ್ಕ ಎಂಥ ಬಾಯಿಬಡುಕಿ, ಎಲ್ಲ ಇತ್ತು. ಮಗನ ಹೆಸರು ಒಂದೇ ಕಡೆ ಇತ್ತು, ಅದರಲ್ಲೂ ಹುಟ್ಟಿದ ವರ್ಷ ತಪ್ಪು. ನ್ಯಾಯಾಧೀಶೆ ಪುಟ ತಿರುಗಿಸಿ ತಿರುಗಿಸಿ, "ಇದರಲ್ಲಿ ಮಗು ಎಲ್ಲಿದೆ ಸ್ವಾಮೀ?" ಎಂದರು. ಇನ್ನೊಬ್ಬಳು ಬೇಕರಿಯ ಹೆಂಗಸು ಅರ್ಧ ಪುಟ ಬರೆದಿದ್ದಳು. ಈಗ ಏನಿದೆ, ಏನು ಬೇಕು, ಅದರಿಂದ ಮಗುವಿಗೆ ಏನು ಒಳ್ಳೆಯದು. ಅವಳ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ನಾನು ಏನೂ ಹೇಳಲಿಲ್ಲ, ಕಥೆ ಹೇಳಿದೆ ಅಷ್ಟೆ.

ನಕಲು ಮೂರು: ನ್ಯಾಯಾಲಯಕ್ಕೆ, ಟ್ವೈಲಾಗೆ, ನಿನಗೆ. ಸಹಿಯನ್ನು ಮನೆಯಲ್ಲಿ ಮಾಡಬೇಡ, ನೋಟರಿಯ ಮುಂದೆಯೇ ಮಾಡು. ವಿಚಾರಣೆ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ. ನೀನು ನೆಲದ ಮೇಲಿರುವ ಗುರುವಾರ ನೋಡಿ ಕೇಳು.

ಟ್ವೈಲಾಗೆ ಹೇಳಿಲ್ಲ. ಭಾನುವಾರ ಚರ್ಚು ಮುಗಿಸಿ ಇಬ್ಬರೂ ಊಟಕ್ಕೆ ಬಂದಿದ್ದರು. ಕ್ಯಾಸಿ ನಿನ್ನ ಹಾಗೆಯೇ ಜೋಳದ ರೊಟ್ಟಿಯ ಅಂಚು ಮಾತ್ರ ತಿಂದು ನಡುವಿನದನ್ನು ಅಮ್ಮನ ತಟ್ಟೆಗೆ ಜರುಗಿಸಿದಳು. ಅದನ್ನು ನೋಡಿದ ಮೇಲೆ ಟ್ವೈಲಾಗೆ ಹೇಳಬೇಕು ಎನಿಸಿತು. ಹೇಳಲಿಲ್ಲ.

ಇಮೊಜೀನ್ ಪಕೆಟ್

•

'ಕ್ಲಾರಾ ಬಿ', ಮೆಂಫಿಸ್ ಕೆಳಗೆ
ಮಾರ್ಚ್ 9, 1995

ಅತ್ತೆಗೆ,

ನಿಮ್ಮ ಕಥೆಗಳನ್ನು ದೋಣಿಯ ಅಡುಗೆಯವಳಿಗೂ ಓದಿ ಹೇಳಿದೆ. ಬೇಕರಿಯವಳ ಹಾಗೆ ಬರೆ ಎಂದಳು. ಬರೆದಿದ್ದೇನೆ, ನೋಡಿ.

"ಈಗ ಇರುವುದು: ತಿಂಗಳ ಮೊದಲ ಮತ್ತು ಮೂರನೆಯ ವಾರಾಂತ್ಯ. ಬೇಕಾದದ್ದು: ಒಂದನೇ ದಿನ ಸಂಜೆ ಆರರಿಂದ ಹನ್ನೊಂದನೇ ದಿನ ಸಂಜೆ ಆರರವರೆಗೆ. ಕಾರಣ: ನಾನು ಹೊಳೆಯಲ್ಲಿರುವಾಗ ಕ್ಯಾಸಿಗೆ ಅಪ್ಪನಿಲ್ಲ. ಮನೆಯಲ್ಲಿರುವಾಗಲಾದರೂ ಇರಬೇಕು."

ಹದಿನಾಲ್ಕು ದಿನವನ್ನೂ ಕೇಳಿಬಿಡುವ ಆಸೆಯಾಗಿತ್ತು. ಆದರೆ ಎರಡನೆಯ ಭಾನುವಾರ ನಿಮ್ಮ ಮನೆಯ ಊಟ ಅವಳಿಗೆ ತಪ್ಪಬಾರದು. ಮತ್ತೆ ಹೊಳೆಗೆ ಹೊರಡುವ ಮುಂಚಿನ ಮೂರು ದಿನ ನಾನು ಹೇಗಿದ್ದರೂ ಮನುಷ್ಯನ ಹಾಗೆ ಇರುವುದಿಲ್ಲ, ಟ್ವೈಲಾಳನ್ನು ಕೇಳಿದರೆ ಹೇಳುತ್ತಾಳೆ. ಕೇಳಬೇಡಿ.

ವೆಂಡೆಲ್

•

ಪಡೂಕಾ
ಮಾರ್ಚ್ 17, 1995

ಅಯ್ಯೋ ಪುಣ್ಯಾತ್ಮ,

ಒಂದನೇ ದಿನವಂತೆ! ನ್ಯಾಯಾಧೀಶೆಗೆ ಒಂದನೇ ದಿನವೆಂದರೆ ಬೈಬಲ್ಲಿನಲ್ಲಿ ದೇವರು ಬೆಳಕು ಮಾಡಿದ ದಿನ. ಕಾಗದ ಓದಿ ನಗು ತಡೆಯಲಾರದೆ ಕಾಫಿ ಚೆಲ್ಲಿಕೊಂಡೆ. ನಿಮ್ಮ ದೋಣಿಯ ಗೋಡೆಯಲ್ಲಿ ಸೋಮವಾರ, ಮಂಗಳವಾರ ಇರುವುದಿಲ್ಲ, ಒಂದರಿಂದ ಇಪ್ಪತ್ತೆಂಟು ಅಂಕಿ ಗೀಚಿ ಹೊಡೆದು ಹಾಕುತ್ತೀರಿ, ಗೊತ್ತು. ಹೊಯ್ಟ್ ಕೂಡ ಮನೆಗೆ ಬಂದು, "ಇವತ್ತು ನಾಲ್ಕನೇ ದಿನ, ಹುಲ್ಲು ಕತ್ತರಿಸ್ಬೇಕು" ಎನ್ನುತ್ತಿದ್ದ. ನಾನೂ ಹಾಗೇ ಮಾತಾಡುತ್ತಿದ್ದೆ. ಆದರೆ ನ್ಯಾಯಾಲಯಕ್ಕೆ ತಾರೀಖು ಬೇಕು.

ಒಂದು ವರ್ಷದ ತಾರೀಖು ಬರೆದು ಅರ್ಜಿಗೆ ಸೇರಿಸು. ನಾನೇ ಗೋಡೆಯ ಕ್ಯಾಲೆಂಡರ್ ಇಳಿಸಿ ನೀನು ದೋಣಿಯಿಂದ ಇಳಿಯುವ ಬುಧವಾರಗಳನ್ನು ಎಣಿಸಿದೆ. ಮೇ 10, ಜೂನ್ 21, ಆಗಸ್ಟ್ 2, ಹೀಗೆ. ಎಣಿಸುವುದು ಸಲಹೆಯಲ್ಲ, ಬರೀ ಗಣಿತ. ಈ ರಜೆಯಲ್ಲಿ ಬಂದಾಗ ಮಂಗಳವಾರ ಹನ್ನೊಂದಕ್ಕೆ ಹಿಂಬಾಗಿಲಿಗೆ ಬಾ. ಟ್ವೈಲಾಗೆ ಆ ಹೊತ್ತಿಗೆ ತನ್ನ ಅಂಗಡಿಯಲ್ಲಿ ತಲೆಕೂದಲು ಕತ್ತರಿಸುವ ಕೆಲಸದಿಂದ ಪುರುಸೊತ್ತಿರುವುದಿಲ್ಲ. ಕಾಗದ ಜೋಡಿಸಿಕೊಡುತ್ತೇನೆ.

ಆ ಕ್ಯಾಲೆಂಡರಿನ ಮೊಳೆಯನ್ನು ಹೊಡೆದದ್ದು ಹೊಯ್ಟ್. ಟ್ವೈಲಾ ಚಿಕ್ಕವಳಿದ್ದಾಗ ಅವನು ಇಳಿಯುವ ಬುಧವಾರಗಳಿಗೆ ಕೆಂಪು ಬಣ್ಣ ಹಚ್ಚುತ್ತಿದ್ದಳು. ಆ ದಿನ ಶಾಲೆಯಿಂದ ಬಂದವಳೇ ರಿಬ್ಬನ್ ಕಟ್ಟಿಸಿಕೊಂಡು ಮುಂಬಾಗಿಲ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ಬಿಡು, ಆ ಮಾತು ಈಗ ಯಾಕೆ.

ಇಮೊಜೀನ್

•

ಬ್ರೂಕ್‌ಪೋರ್ಟ್
ಏಪ್ರಿಲ್ 11, 1995

ಅತ್ತೆಗೆ,

ಕಳ್ಳನ ಹಾಗೆ ನಿಮ್ಮ ಹಿಂಬಾಗಿಲಿನಿಂದ ಬಂದು, ಮೂರು ಹೋಳು ಕೇಕು ತಿಂದು, ಕಾಗದ ಹಿಡಿದುಕೊಂಡು ಹೋದವನು ಮರುದಿನವೇ ಅರ್ಜಿ ಸಲ್ಲಿಸಿದೆ. ನಿಮ್ಮ ಕಿಟಕಿಯಲ್ಲಿ ಈಗ ಇಪ್ಪತ್ತೆರಡು ವರ್ಷದ ಒಬ್ಬಳಿದ್ದಾಳೆ. "ಇಷ್ಟು ಬರೆದರೆ ಸಾಕಾ ತಾಯೀ?" ಎಂದೆ. "ಅದನ್ನ ನಾನು ಹೇಳೋ ಹಾಗಿಲ್ಲ ಸಾರ್," ಎಂದಳು. ನಕ್ಕುಬಿಟ್ಟೆ. ಅವಳಿಗೆ ಯಾಕೆಂದು ಗೊತ್ತಾಗದೆ ಮುಖ ಕೆಂಪಾಯಿತು, ಪಾಪ.

ವಿಚಾರಣೆ ಮೇ 18, ಗುರುವಾರ. ಆಗ ನಾನು ಮನೆಯಲ್ಲಿರುತ್ತೇನೆ. ಟ್ವೈಲಾಳ ನಕಲನ್ನು ಅಂಚೆಗೆ ಹಾಕಿದೆ. ಡಬ್ಬಿಯೊಳಗೆ ಬೀಳುವ ಸದ್ದು ಕೇಳಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಒಂಬತ್ತು ವರ್ಷ ನನ್ನ ಬಟ್ಟೆಯ ಚೀಲ ಕಟ್ಟಿಕೊಟ್ಟವಳಿಗೆ ಲಕೋಟೆಯಲ್ಲಿ ನೋಟೀಸು ಕಳಿಸುತ್ತಿದ್ದೇನೆ ಎಂದು ಕಸಿವಿಸಿಯಾಯಿತು.

ಒಂದನೇ ತಾರೀಖು ಶನಿವಾರ ಕ್ಯಾಸಿಯ ಹಲ್ಲು ಬಿತ್ತು. ನಾನಿದ್ದೆ! ನಾನು ಇದ್ದಾಗಲೇ ಬಿದ್ದ ಮೊದಲ ಹಲ್ಲು ಇದು. ನಾಳೆ ದೋಣಿ ಹತ್ತುತ್ತೇನೆ.

ವೆಂಡೆಲ್

•

ಏಪ್ರಿಲ್ 14, 1995

ಅಮ್ಮಾ,

ಎರಡು ಬೀದಿ ದಾಟಿದರೆ ನಿನ್ನ ಮನೆ. ಆದರೂ ಬರೆಯುತ್ತಿದ್ದೇನೆ, ಎದುರಿಗೆ ನಿಂತರೆ ನಾನು ಅತ್ತುಬಿಡುತ್ತೇನೆ, ನೀನು ಟಿಶ್ಯೂ ಡಬ್ಬಿ ತಳ್ಳುತ್ತೀಯ.

ವೆಂಡೆಲ್‌ನ ಅರ್ಜಿ ಬಂತು. ಅಕ್ಷರ ಅವನದು. ಆದರೆ ಪಿನ್ನು ಹೊಡೆದದ್ದು ನೀನು. ಓದುವವರ ಬೆರಳಿಗೆ ಚುಚ್ಚಬಾರದೆಂದು ಪಿನ್ನಿನ ಹಿಂದೆ ಅಂಟುಕಾಗದದ ಚೂರು ಹಚ್ಚುವವರು ಈ ಊರಲ್ಲಿ ನಿನ್ನ ಬಿಟ್ಟು ಯಾರಿದ್ದಾರೆ? ನಾನು ಶಾಲೆ ಬಿಟ್ಟ ಮೇಲೆ ಬಂದು ನಿನ್ನ ಮೇಜಿನ ಕೆಳಗೆ ಕೂತು ಆ ಚೂರುಗಳನ್ನು ಕತ್ತರಿಸಿ ಕೊಡುತ್ತಿದ್ದೆ.

ನೀನು ಸಹಾಯ ಮಾಡಿದ್ದು ನನಗೆ ಅಷ್ಟು ನೋಯಿಸಲಿಲ್ಲ. ಅವನು ಕೆಟ್ಟ ಅಪ್ಪ ಎಂದು ನಾನು ಯಾವತ್ತೂ ಹೇಳಿಲ್ಲ. ಇಷ್ಟು ಭಾನುವಾರ ನನ್ನೆದುರು ಕೂತು ಬೀನ್ಸ್ ಬಡಿಸುತ್ತ ಸುಮ್ಮನಿದ್ದೆಯಲ್ಲ, ಅದು ನೋಯಿಸಿತು.

ಇನ್ನೊಂದು. ಅವನ ತಾರೀಖು ನೋಡಿದೆಯಾ? "ಮೇ 10, ಬುಧವಾರ ಸಂಜೆ ಆರಕ್ಕೆ ಕರೆದುಕೊಂಡು ಹೋಗುವುದು." ಮೇ 10ಕ್ಕೆ ಅವನು ದೋಣಿಯಿಂದ ಇಳಿಯುವುದು ಬ್ಯಾಟನ್ ರೂಜ್‌ನಲ್ಲೋ, ಇನ್ನೂ ಕೆಳಗೋ! ಕಂಪನಿಯ ವ್ಯಾನಿನಲ್ಲಿ ಇಡೀ ದಿನದ ದಾರಿ. ಹೋದ ವರ್ಷ ಕೂಡ "ಬುಧವಾರ ಬರ್ತೀನಿ, ಬುಧವಾರ ಬರ್ತೀನಿ" ಎಂದು ಅವಳಿಗೆ ಹೇಳಿದ. ಹಳದಿ ಚೀಲ ಮಡಿಲಲ್ಲಿಟ್ಟುಕೊಂಡು ಅವಳು ಮೆಟ್ಟಿಲ ಮೇಲೆ ನಾಲ್ಕು ಗಂಟೆ ಕೂತಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ. ಅದಕ್ಕೇ ನನಗೆ ಮೊದಲ ವಾರ, ಮೂರನೆಯ ವಾರ ಎಂದು ಗಟ್ಟಿಯಾಗಿ ಬರೆದ ಕಾಗದ ಬೇಕಾಗಿದ್ದು. ಕಡಿಮೆ ದಿನವಾದರೂ ಬರುವ ದಿನ ಬರುತ್ತಾನೆ.

ಮೆಟ್ಟಿಲ ಮೇಲೆ ಕೂರುವುದು ಹೇಗಿರುತ್ತದೆ ಎಂದು ನನಗೆ ಗೊತ್ತು. ನಿನಗೂ ಗೊತ್ತಿರಬೇಕಿತ್ತು.

ಭಾನುವಾರ ಈಸ್ಟರ್ ಊಟಕ್ಕೆ ನಾವು ಬರುವುದಿಲ್ಲ.

ಟ್ವೈಲಾ

•

ಪಡೂಕಾ
ಏಪ್ರಿಲ್ 20, 1995

ವೆಂಡೆಲ್,

ಟ್ವೈಲಾ ಬರೆದದ್ದನ್ನು ನಕಲು ಮಾಡಿ ಇದರ ಜತೆ ಇಟ್ಟಿದ್ದೇನೆ. ಮೊದಲು ಓದು, ಆಮೇಲೆ ಇದನ್ನು ಓದು.

ಓದಿದೆಯಾ? ಸರಿ. ಈಗ ನಿನ್ನನ್ನು ಬೈಯೋಣವೆಂದು ಕೂತರೆ ಬಾಯಿ ಬರುತ್ತಿಲ್ಲ. ಮೂವತ್ತೊಂದು ವರ್ಷ ಬೇರೆಯವರ ಕಾಗದದಲ್ಲಿ ತಾರೀಖಿನ ತಪ್ಪು ಹಿಡಿದು ಹಿಡಿದು ಎಸೆದವಳು ನಾನು. ಈ ತಪ್ಪು ನನ್ನ ಕಣ್ಣಿಗೆ ಬೀಳಲಿಲ್ಲ. ಯಾಕೆಂದರೆ ನಾನೂ ಹೊಳೆಯವರ ಮನೆಯವಳೇ. ನಮ್ಮಲ್ಲಿ ಯಾರೂ ಇಳಿದ ದಿನವನ್ನು ದಾರಿಯ ದಿನ ಎನ್ನುವುದಿಲ್ಲ, ಮನೆಯ ಒಂದನೇ ದಿನ ಎನ್ನುತ್ತೇವೆ. ಗಂಡಸು ನಿಜವಾಗಿ ಎಲ್ಲಿದ್ದಾನೆ ಎಂದು ಯಾರೂ ಕೇಳುವುದಿಲ್ಲ. ಹೊಯ್ಟ್ ಅರ್ಕನ್ಸಾದ ಹೆದ್ದಾರಿಯಲ್ಲಿರುತ್ತಿದ್ದ, ನಾನು ಇಲ್ಲಿ ಅವನ ತಟ್ಟೆ ಹಾಕಿ, "ಈಗ ಬರ್ತಾನೆ, ಈಗ ಬರ್ತಾನೆ" ಎಂದು ಮಗುವಿಗೆ ಹೇಳುತ್ತಿದ್ದೆ. ಊಟಕ್ಕೆ ಕೂರಿಸದೆ ಕಾಯಿಸುತ್ತಿದ್ದೆ. ಮಾಡಿದ್ದೆಲ್ಲ ತಣ್ಣಗಾಗುತ್ತಿತ್ತು. ಇಪ್ಪತ್ತೈದು ವರ್ಷದ ಹಿಂದೆ ಮಗಳಿಗೆ ಮಾಡಿದ ತಪ್ಪನ್ನು ನಾನೇ ಕೂತು ಮೊಮ್ಮಗಳ ಅರ್ಜಿಗೆ ಪಿನ್ನು ಹೊಡೆದು ಸೇರಿಸಿದೆನಲ್ಲ, ಎಂಥ ಹೆಂಗಸು ನಾನು.

ಈಸ್ಟರ್‌ಗೆ ಇಡೀ ಹಂದಿತೊಡೆಯ ಹ್ಯಾಮ್ ಬೇಯಿಸಿದ್ದೆ. ನಾನೊಬ್ಬಳೇ ಎರಡು ಹೋಳು ತಿಂದೆ. ಉಳಿದದ್ದನ್ನು ಚರ್ಚಿಗೆ ಕೊಟ್ಟು ಮೂಳೆಯನ್ನು ಫ್ರೀಜರಿಗೆ ಹಾಕಿದ್ದೇನೆ.

ತಿದ್ದಿದ ತಾರೀಖನ್ನು ವಿಚಾರಣೆಗೆ ಮುಂಚೆ ಸಲ್ಲಿಸಬಹುದು, ನಕಲು ಮತ್ತೆ ಮೂರು. ಏನು ತಿದ್ದಬೇಕು ಎಂದು ಹೇಳುವುದಿಲ್ಲ. ಈ ಸಲ ಕಥೆಯನ್ನೂ ಹೇಳುವುದಿಲ್ಲ. ನಿನಗೇ ತಿಳಿಯಬೇಕು. ವಿಚಾರಣೆಗೂ ನಾನು ಬರುವುದಿಲ್ಲ. ಯಾವ ಕಡೆಯ ಬೆಂಚಿನಲ್ಲಿ ಕೂತರೂ ತಪ್ಪು.

ಇಮೊಜೀನ್

•

'ಕ್ಲಾರಾ ಬಿ', ನ್ಯಾಚೆಜ್
ಮೇ 2, 1995

ಟ್ವೈಲಾ,

ಇದರೊಳಗೆ ತಿದ್ದಿದ ತಾರೀಖುಗಳಿವೆ, ನ್ಯಾಯಾಲಯಕ್ಕೂ ಕಳಿಸಿದ್ದೇನೆ. ಪಿನ್ನು ನಾನೇ ಹೊಡೆದದ್ದು, ಚುಚ್ಚೀತು, ಜೋಪಾನ.

ಇಳಿದ ದಿನ ನನ್ನದಲ್ಲ. ಗುರುವಾರದಿಂದ ಮಾತ್ರ ಕೇಳಿದ್ದೇನೆ. ಇನ್ನೊಂದು ಸಾಲನ್ನೂ ಸೇರಿಸಿದ್ದೇನೆ: "ಗುರುವಾರ ನಾನು ನನ್ನ ಮನೆಯ ಫೋನಿನಿಂದ ಕರೆ ಮಾಡುವವರೆಗೆ, ಅಪ್ಪ ಇವತ್ತು ಬರುತ್ತಾನೆ ಎಂದು ಕ್ಯಾಸಿಗೆ ಯಾರೂ ಹೇಳಬಾರದು, ನಾನೂ ಹೇಳಬಾರದು. ಬೆಳಿಗ್ಗೆ ಹತ್ತರೊಳಗೆ ಕರೆ ಬಾರದಿದ್ದರೆ ಆ ದಿನವೂ ತಾಯಿಯದೇ."

ಅವತ್ತು ನಾಲ್ಕು ಗಂಟೆ ಕೂತಿದ್ದಳು ಎಂದು ನನಗೆ ಗೊತ್ತಿರಲಿಲ್ಲ. ನಾನು ಬಂದಾಗ ಅವಳು ಗಾಡಿಗೆ ಓಡಿಬಂದಳು, ನಗುತ್ತಿದ್ದಳು, ಅಷ್ಟು ಮಾತ್ರ ನೋಡಿದೆ. ನೀನು ಬಾಗಿಲಲ್ಲಿ ನಿಂತಿದ್ದೆ. ಆಗ ಅದು ಕೋಪವೆಂದುಕೊಂಡೆ.

ನಿನ್ನ ಅಮ್ಮನ ಮೇಲೆ ಬೇಸರ ಬೇಡ. ಕೇಳಿದವನು ನಾನು.

ವೆಂಡೆಲ್

•

ಬ್ರೂಕ್‌ಪೋರ್ಟ್
ಮೇ 18, 1995

ಅತ್ತೆಗೆ,

ಮುಗಿಯಿತು! ಇಪ್ಪತ್ತು ನಿಮಿಷ. ಇಸ್ತ್ರಿ ಮಾಡಿದ ಅಂಗಿಯ ಕಾಲರು ಕುತ್ತಿಗೆ ಕೊಯ್ಯುತ್ತಿತ್ತು. ಪ್ರವಾಹದಲ್ಲಿ ಸೇತುವೆಯ ಕಂಬದ ಸಂದಿ ಬಾರ್ಜು ನುಗ್ಗಿಸುವುದೇ ಇದಕ್ಕಿಂತ ಸುಲಭ.

ನ್ಯಾಯಾಧೀಶೆ ಕನ್ನಡಕದ ಮೇಲಿಂದ ನೋಡಿ, "ಕ್ರೌಸ್ ಅವರೇ, ಈ ಫೋನಿನ ಸಾಲು ಯಾರು ಬರೆಸಿದ್ದು?" ಎಂದರು.

"ಯಾರೂ ಇಲ್ಲಮ್ಮ, ನಾನೇ."

"ಇದು ನಿಮಗೇ ವಿರುದ್ಧವಾಗಿದೆಯಲ್ಲ. ಗೊತ್ತು ತಾನೇ?"

"ಗೊತ್ತು. ಅವಳು ಚೀಲ ಹಿಡ್ಕೊಂಡು ಕೂತ್ಕೋಬಾರದು, ಅಷ್ಟೇ."

ಟ್ವೈಲಾ ಆ ಕಡೆಯ ಮೇಜಿನಲ್ಲಿದ್ದಳು, ನೀವು ಕೊಟ್ಟ ನೀಲಿ ಕೋಟು ಹಾಕಿಕೊಂಡಿದ್ದಳು. ಅವಳಿಗೂ ವಕೀಲರಿರಲಿಲ್ಲ. "ನಿಮ್ಮದೇನಮ್ಮಾ?" ಎಂದು ಕೇಳಿದಾಗ ಎದ್ದು ನಿಂತು ತಾರೀಖುಗಳ ಮೇಲೆ ಬೆರಳಾಡಿಸಿದಳು. ಆಮೇಲೆ, "ನಡುವಿನ ಭಾನುವಾರ ಚರ್ಚಿಗೆ, ಊಟಕ್ಕೆ ಅವಳನ್ನ ಕಳಿಸ್ಬೇಕು. ಉಳಿದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಬುಧವಾರ ಯಾರದ್ದೂಂತ ಬರೆದಿಲ್ಲ," ಎಂದಳು.

"ಬರೆಯದೆ ಇದ್ದರೆ ನಿಮ್ಮದೇ," ಎಂದರು ನ್ಯಾಯಾಧೀಶೆ.

"ಬೇಡ, ಬರೀಬೇಕು," ಎಂದಳು ಟ್ವೈಲಾ. ಒಂದು ಸಾಲು ಹೇಳಿ ಬರೆಸಿದಳು. ಅದನ್ನು ಕೇಳಿ ನ್ಯಾಯಾಧೀಶೆ ಪೆನ್ನು ಕೆಳಗಿಟ್ಟು, "ನಮ್ಮ ಎರಡನೇ ಕಿಟಕಿ..." ಎಂದು ಶುರುಮಾಡಿ ನಿಲ್ಲಿಸಿದರು, ನಕ್ಕರು, ಮತ್ತೆ ಪೆನ್ನು ತೆಗೆದುಕೊಂಡು ಸಹಿ ಹಾಕಿದರು.

ಆ ಸಾಲು ಏನೆಂದು ಕೇಳುತ್ತೀರಾ? ಅದನ್ನ ನಾನು ಹೇಳೋ ಹಾಗಿಲ್ಲ. ಕಿಟಕಿಗೆ ಹೋಗಿ ನಕಲು ತೆಗೆದುಕೊಳ್ಳಿ.

ನಿಮ್ಮ ಅಳಿಯ (ನನ್ನ ಲೆಕ್ಕದಲ್ಲಿ),
ವೆಂಡೆಲ್

•

ಪಡೂಕಾ
ಜೂನ್ 22, 1995

ಟ್ವೈಲಾ,

ನಿನ್ನ ಹಾಗೆ ನಾನೂ ಬರೆದು, ಅಂಚೆಗೆ ಹಾಕದೆ ಇದನ್ನು ನಿನ್ನ ಬಾಗಿಲ ಡಬ್ಬಿಗೇ ಹಾಕುತ್ತಿದ್ದೇನೆ. ಹತ್ತು ಭಾನುವಾರ ನನ್ನ ಮೇಜು ಖಾಲಿ ಇತ್ತು. ನಿನ್ನೆ ಕ್ಯಾಸಿಯನ್ನು ಬಿಡಲು ಬಂದಾಗ ಕಾರಿನಿಂದ ಇಳಿಯದೆ ಹಾರ್ನ್ ಹೊಡೆದು ಹೋದೆ. ಆದರೂ ಕಿಟಕಿಯ ಪರದೆ ಸರಿಸಿ ನಾನು ನೋಡಿದೆ, ಅವಳು ಒಳಗೆ ಬರುವ ತನಕ ನೀನು ಗೇರು ಹಾಕಲಿಲ್ಲ.

ಮೇ ತಿಂಗಳಲ್ಲೇ ನಕಲು ತರಲು ಹೋಗಿದ್ದೆ. ನಾಲ್ಕು ವರ್ಷದ ಮೇಲೆ ಆ ಕಿಟಕಿಯ ಈಚೆ ಕಡೆ ನಿಂತೆ. ನಿಂತುಕೊಂಡೇ ಓದಿದೆ. "ತಂದೆ ದೋಣಿಯಿಂದ ಇಳಿಯುವ ಬುಧವಾರ ತಂದೆಯದೂ ಅಲ್ಲ, ತಾಯಿಯದೂ ಅಲ್ಲ. ಆ ದಿನ ಮತ್ತು ಆ ರಾತ್ರಿ ಮಗು ಅಜ್ಜಿ ಇಮೊಜೀನ್ ಪಕೆಟ್ ಅವರ ಮನೆಯಲ್ಲಿ ಇರತಕ್ಕದ್ದು." ಎರಡು ಸಲ ಓದಿ ಆ ಹುಡುಗಿಯನ್ನು ಕೇಳಿದೆ, "ಅಮ್ಮಾ, ಇದು ನಾನೇನಾ? ಇದರರ್ಥ ಏನು?"

"ಅದನ್ನ ನಾನು ಹೇಳೋ ಹಾಗಿಲ್ಲ ಮೇಡಂ," ಎಂದು ಟಿಶ್ಯೂ ಡಬ್ಬಿ ಮುಂದೆ ತಳ್ಳಿದಳು. ಸರಿಯಾಗಿ ಕಲಿತಿದ್ದಾಳೆ. ಹೊರಗೆ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ ಮಗಳೇ, ಚೆನ್ನಾಗಿ ಅತ್ತುಬಿಟ್ಟೆ. ಮೂವತ್ತೊಂದು ವರ್ಷ ಊರಿನವರ ದಿನಗಳಿಗೆಲ್ಲ ಮೊಹರು ಒತ್ತಿದ್ದೇನೆ. ನನ್ನ ಹೆಸರಿಗೆ ಒಂದು ದಿನ ಬರೆದವಳು ನೀನೊಬ್ಬಳೇ. ಅದೂ ನನ್ನ ಮೇಲೆ ಇಷ್ಟು ಕೋಪವಿರುವಾಗ.

ನಿನ್ನೆಯ ವರದಿ ಹೇಳುತ್ತೇನೆ. ಕ್ಯಾಸಿ ಹಳದಿ ಚೀಲವನ್ನು ತಂದವಳೇ ನಿನ್ನ ಹಳೆಯ ಕೋಣೆಗೆ ಹೋಗಿ, ಬಟ್ಟೆಯನ್ನೆಲ್ಲ ತೆಗೆದು ಖಾನೆಗೆ ಹಾಕಿ, ಚೀಲವನ್ನು ಮಂಚದ ಕೆಳಗೆ ತಳ್ಳಿದಳು. "ಅಪ್ಪ ಎಷ್ಟೊತ್ತಿಗೆ?" ಎಂದು ಒಂದು ಸಲವೂ ಕೇಳಲಿಲ್ಲ. ಇಸ್ಪೀಟಿನಲ್ಲಿ ನನ್ನನ್ನು ನಾಲ್ಕು ಸಲ ಸೋಲಿಸಿದಳು, ಎರಡು ಸಲ ಮೋಸದಿಂದ. ಆರು ಗಂಟೆಗೆ ಊಟ ಮಾಡಿದೆವು, ಬಿಸಿಬಿಸಿ. ಮುಂಬಾಗಿಲ ಮೆಟ್ಟಿಲ ಕಡೆಗೆ ಅವಳು ಹೋಗಲೇ ಇಲ್ಲ. ಇವತ್ತು ಬೆಳಿಗ್ಗೆ ಏಳೂ ನಲವತ್ತಕ್ಕೆ ಬ್ರೂಕ್‌ಪೋರ್ಟಿನಿಂದ ಫೋನು ಬಂತು. ಬಾಯ್ತುಂಬ ರೊಟ್ಟಿ ಇಟ್ಟುಕೊಂಡೇ, "ಅಪ್ಪಾ, ನೀನು ನಿಜವಾಗ್ಲೂ ಮನೇಲಿದ್ದೀಯಾ? ಹಾಗಾದ್ರೆ ನಾನು ಚೀಲ ತುಂಬ್ತೀನಿ," ಎಂದಳು.

ನೀನು ಚಿಕ್ಕವಳಿದ್ದಾಗ ನಿನ್ನನ್ನು ನಾನು ಒಳಗೆ ಕರೆಯಬೇಕಿತ್ತು, ಟ್ವೈಲಾ. ಅಪ್ಪ ದಾರಿಯಲ್ಲಿದ್ದಾನೆ, ಯಾವಾಗ ಬರುತ್ತಾನೋ ಗೊತ್ತಿಲ್ಲ, ಬಾ ನಾವು ಊಟ ಮಾಡೋಣ ಎನ್ನಬೇಕಿತ್ತು. ಎನ್ನಲಿಲ್ಲ. ನಾನೂ ಕಾಯುತ್ತಿದ್ದೆ, ಒಬ್ಬಳೇ ಕಾಯಲು ನನಗೆ ಆಗುತ್ತಿರಲಿಲ್ಲ, ನಿನ್ನನ್ನು ಜತೆಗೆ ಕೂರಿಸಿಕೊಂಡೆ. ವೆಂಡೆಲ್‌ನ ಅರ್ಜಿಯ ವಿಷಯವನ್ನೂ ಮೊದಲ ದಿನವೇ ನಿನಗೆ ಹೇಳಬೇಕಿತ್ತು. ಎರಡಕ್ಕೂ ಕ್ಷಮಿಸು.

ಮುಂದಿನ ನನ್ನ ದಿನ ಆಗಸ್ಟ್ ಎರಡು. ಈಸ್ಟರ್ ಹ್ಯಾಮಿನ ಮೂಳೆ ಫ್ರೀಜರಿನಲ್ಲಿ ಹಾಗೇ ಇದೆ, ಅವತ್ತು ಅದನ್ನು ಹಾಕಿ ಬೀನ್ಸ್ ಬೇಯಿಸುತ್ತೇನೆ. ನಿನ್ನ ಅಂಗಡಿ ಮುಚ್ಚುವುದು ಏಳಕ್ಕೆ ಎಂದು ಗೊತ್ತು. ನಾವು ಕಾಯುವುದಿಲ್ಲ, ಆರಕ್ಕೆ ಉಣ್ಣುತ್ತೇವೆ. ನಿನ್ನ ತಟ್ಟೆಯನ್ನು ಮುಚ್ಚಿ ಓವನ್ನಿನೊಳಗೆ ಬೆಚ್ಚಗೆ ಇಟ್ಟಿರುತ್ತೇನೆ.

ಅಮ್ಮ